ಅದಿರಿನ ಅಸಲು

ಆಯುಧಪೂಜೆಯ ಬೋನಸ್ ಕೇಳಲು ಕೂಲಿಗಳು ಬರುತ್ತಿದ್ದಾರೆಂದು ಗೊತ್ತಾದೊಡನೆ ಕಬ್ಬಿಣದ ಗಣಿಯ ಧಣಿ ತನ್ನ ಲೆಕ್ಕಿಗ ಪಂಪಾಪತಿಯನ್ನು ಕರೆಸಿದ.

"ಟನ್ ಅದಿರು ಎಷ್ಟಕ್ಕ ಮಾರಿದ್ರ ನಮಗ ಅಸಲು ಗಿಟ್ತೈತಿ?"

"ಎರಡು ಸಾವಿರದ ಎಂಟುನೂರಕ್ಕ, ಧಣಿ. ನಾವು ಮಾರೋದು ನಾಲ್ಕು ಸಾವಿರಕ್ಕ."

"ಹಂಗಂದ್ರ ಬೋನಸ್ ಕೊಡಬೇಕಾಗ್ತೈತಿ. ಅಸಲು ಏರಿಸು."

ಪಂಪಾಪತಿ ಧಣಿಯ ಹೊಸ ಕಾರು, ಮಗಳ ಮದುವೆಯ ಶಾಮಿಯಾನ, ಕೊನೆಗೆ ಮನೆನಾಯಿಯ ಬಿಸ್ಕತ್ತು, ಎಲ್ಲದರ ಖರ್ಚನ್ನೂ ಅದಿರಿನ ಮೇಲೆ ಹೇರಿದ. ಅಸಲು ನಾಲ್ಕು ಸಾವಿರದ ಎಂಟುನೂರಕ್ಕೆ ಏರಿತು.

ಕೂಲಿಗಳು ಬಂದಾಗ ಧಣಿ ಕಣ್ಣೊರೆಸಿಕೊಂಡ.

"ಟನ್ನಿಗೆ ಎಂಟುನೂರು ಲುಕ್ಸಾನು ನೋಡ್ರಪ್ಪ. ನಿಮ್ಮ ಹೊಟ್ಟಿ ಮ್ಯಾಲೆ ಹೊಡಿಬಾರ್ದಂತ ಗಣಿ ನಡೆಸಾಕತ್ತೀನಿ."

ಕೂಲಿಗಳ ಮುಖಂಡ ಜಡೆಪ್ಪ ಲೊಚಗುಟ್ಟಿದ. "ಆ ಖರ್ಚಿನ್ಯಾಗ ಟನ್ನಿಗೆ ನಮ್ಮ ಕೂಲಿ ಎಷ್ಟು, ಧಣಿ?"

"ಮುನ್ನೂರು."

ಜಡೆಪ್ಪ ಭಕ್ತಿಯಿಂದ ಕೈಮುಗಿದ.

"ನಿಮ್ಮ ಉಪ್ಪು ತಿಂದೋರು ನಾವು, ನಿಮ್ಮ ಲುಕ್ಸಾನು ನೋಡಾಕಾಗಲ್ರಿ. ನಾಳಿಯಿಂದ ಒಂದು ಬುಟ್ಟಿ ಅದಿರೂ ಅಗಿಯಂಗಿಲ್ಲ. ನಾವು ಮನ್ಯಾಗ ಕುಂದರ್ತೀವಿ, ನೀವು ಬರೇ ಕೂಲಿ ಅಷ್ಟ ಕಳಿಸ್ರಿ, ಟನ್ನಿಗೆ ಐನೂರು ನಿಮಗೇ ಉಳಿತೈತಿ!"