ಬರುತ್ತೇನೆ, ಅಮ್ಮಾ

"ಕಾಕಾ, ಸ್ವಲ್ಪ ಹಿಂದ ಹಾಕ್ರಿ. ಆ ಮುದುಕಿ ಏನೋ ಅಂದ್ಲಲ್ಲ, ಅದನ್ನ ಇನ್ನೊಮ್ಮಿ ಕೇಳಸ್ರಿ," ಎಂದಳು ಶಾಂಭವಿ.

ಅಮರೇಶನಿಗೆ ಇದು ಸೇರಲಿಲ್ಲ. ಇಟಲಿ ಪ್ರವಾಸ ಮುಗಿಸಿ ಬಂದು ತಿಂಗಳಾಗಿತ್ತು. ಕೇಶ್ವಾಪುರದ ಮನೆಗೆ ಯಾರೇ ಬರಲಿ, ಚಹಾಕ್ಕಿಂತ ಮೊದಲು ಟಿ.ವಿ.ಯಲ್ಲಿ ಆ ವಿಡಿಯೊ ಬರುತ್ತಿತ್ತು. ಪಿಸಾದ ಸೊಟ್ಟ ಗೋಪುರವನ್ನು ತಾನೇ ಕಂತ್ರಾಟು ಹಿಡಿದು ಕಟ್ಟಿಸಿದವನ ಹಾಗೆ ಕೂತು ತೋರಿಸುತ್ತಿದ್ದ. ಈಗ ಸಣ್ಣ ಊರುಗಳ ಸರದಿ. ಒಂದೇ ದಿನದಲ್ಲಿ ಮೂರು ಊರು, ಊರೂರಿನ ಹಳೆಯ ಚರ್ಚು, "ಒಂದೂ ಬಿಟ್ಟಿಲ್ಲ ನಾವು" ಎಂದು ಆಗಲೇ ಎರಡು ಸಲ ಹೇಳಿದ್ದ. ಆದರೆ ಶಾಂಭವಿ ಮೇಲಿನ ಮನೆಯವರ ಮಗಳು, ಮಿಲಾನಿನಲ್ಲಿ ಓದಿ ಬಂದವಳು. ಅವಳ ಮಾತು ತೆಗೆದುಹಾಕಲಾರದೆ ವಿಡಿಯೊವನ್ನು ಹಿಂದಕ್ಕೆ ಒಯ್ದ.

ವಾಣಿಶ್ರೀಗೆ ಮಾತ್ರ ಗಂಡನ ಮುಖ ನೋಡಿ ನಗು, ಒಳಗೊಳಗೇ ಖುಷಿ. ಇಡೀ ಇಟಲಿಯಲ್ಲಿ ಅವಳ ಮನಸ್ಸು ನಿಂತದ್ದು ಇದೊಂದೇ ಕಡೆ. ಗುಡ್ಡದ ಮೇಲಿನ ಊರು, ಬೀಗ ಹಾಕಿದ ಚರ್ಚು. ಜತೆಯವರೆಲ್ಲ ಐಸ್‌ಕ್ರೀಮ್ ಅಂಗಡಿಗೆ ನುಗ್ಗಿದಾಗ, ಎದುರು ಮನೆಯಿಂದ ಕರಿ ಸ್ವೆಟರಿನ ಮುದುಕಿಯೊಬ್ಬಳು ಗೇಣುದ್ದದ ಕೀಲಿಕೈ ಹಿಡಿದು ಬಂದು, ಇವಳೊಬ್ಬಳಿಗಾಗಿ ಬಾಗಿಲು ತೆಗೆದಿದ್ದಳು. ಕೈಹಿಡಿದು ನಡೆಸುತ್ತ ಗೋಡೆಯ ಮೇಲಿನ ಮಾಸಿದ ಚಿತ್ರಗಳನ್ನೆಲ್ಲ ತೋರಿಸಿದ್ದಳು. ವಾಣಿಶ್ರೀಯ ಕೊರಳಿನಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆ ನೋಡಿ, ಇದೇನು ಎಂದು ಕಣ್ಣಲ್ಲೇ ಕೇಳಿ, ಸ್ವೆಟರಿನೊಳಗಿಂದ ತನ್ನ ಶಿಲುಬೆಯನ್ನು ಹೊರತೆಗೆದು ನಕ್ಕಿದ್ದಳು. ಅವ್ವ ತೀರಿಕೊಂಡ ಮೇಲೆ ತನ್ನ ಕೈಯನ್ನು ಅಷ್ಟು ಹೊತ್ತು ಯಾರೂ ಹಿಡಿದಿರಲಿಲ್ಲ ಎಂದು ಆವತ್ತು ರಾತ್ರಿ ಹೋಟೆಲಿನಲ್ಲಿ ವಾಣಿಶ್ರೀಗೆ ಅನಿಸಿತ್ತು. ಗಂಡನಿಗೆ ಹೇಳಿರಲಿಲ್ಲ.

ಟಿ.ವಿ.ಯಲ್ಲಿ ಮುದುಕಿ ಚರ್ಚಿನ ಬಾಗಿಲಲ್ಲಿ ನಿಂತು ತನ್ನ ಮನೆಯ ಕಡೆ ಬೆರಳು ಮಾಡಿ ಏನೋ ಕೇಳಿದಳು. ಅದರ ಮೇಲೆಯೇ, ವಿಡಿಯೊ ಹಿಡಿದಿದ್ದ ಅಮರೇಶನ ದನಿ: "ನಡಿ ನಡಿ, ಬಸ್ ಬಿಡತೈತಿ!" ವಾಣಿಶ್ರೀ ಗಡಿಬಿಡಿಯಲ್ಲಿ, ಅನುವಾದ ಮಾಡುವ ತನ್ನ ಫೋನನ್ನು ಬಾಯಿಗೆ ಹಿಡಿದಳು. ನಮ್ಮ ಕಡೆಯ ಮಾತು ಅದಕ್ಕೆ ತಿಳಿಯಲಿಕ್ಕಿಲ್ಲ ಎಂದು, ವಾರ್ತೆ ಓದುವವರ ಹಾಗೆ ಬಿಡಿಸಿ ಬಿಡಿಸಿ, "ಬರುತ್ತೇನೆ, ಅಮ್ಮಾ" ಎಂದಳು. ಫೋನು ಅದನ್ನು ಇಟಾಲಿಯನ್ನಿನಲ್ಲಿ ನುಡಿಯಿತು. ಮುದುಕಿಯ ಮುಖ ಅರಳಿತು. ಎರಡೂ ಕೈ ಎತ್ತಿ ಏನೋ ಹೇಳಿ, ತುರುತುರು ಮನೆಯತ್ತ ನಡೆದಳು.

"ನೋಡಿದಿ? ಹೋಗಿ ಬರತೇನಿ ಅಂದದ್ದಕ್ಕ ಎಷ್ಟ ಖುಷಿ ಆತು ಆಕಿಗೆ!" ಎಂದಳು ವಾಣಿಶ್ರೀ.

ಶಾಂಭವಿ ನಗಲಿಲ್ಲ. "ಕಾಕೂ, ಹೇಳಬೇಕೋ ಬ್ಯಾಡೋ ತಿಳೀವಲ್ದು."

"ಹೇಳವಾ, ಏನಾತು?"

"ಆಕಿ ನಿಮ್ಮನ್ನ ಕಾಫಿಗೆ ಕರದಾಳ್ರಿ. ಅದಕ್ಕ ನಿಮ್ಮ ಫೋನು 'ಈಗ ಬಂದೆ, ಅಮ್ಮಾ' ಅಂದೈತಿ. ಹೋಗೂ ಮುಂದ 'ಬರತೇನಿ' ಅನ್ನೂದು ನಮ್ಮ ಪದ್ಧತಿ, ಅದಕ್ಕೇನ ಗೊತ್ತರಿ?"

"ಮತ್ತ ಆಕಿ ಏನಂದ್ಲು?"

"'ನಾ ಮುಂದ ಹೋಗಿ ಕಾಫಿ ಇಡತೇನಿ, ಬಾಗಿಲಾ ತಗದ ಇರತೈತಿ' ಅಂತ."

ವಿಡಿಯೊ ನಿಲ್ಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಈಗ ಬಸ್ಸಿನ ಕಿಟಕಿಯಿಂದ ಅದೇ ಓಣಿ. ಮುದುಕಿ ತನ್ನ ಬಾಗಿಲ ಮುಂದೆ ಪುಟ್ಟ ಟೇಬಲ್ಲು ಎಳೆದಿಟ್ಟಿದ್ದಾಳೆ, ಎದುರುಬದುರು ಎರಡು ಕುರ್ಚಿ, ಎರಡು ಕಪ್ಪು. ಬಸ್ಸಿನ ಕಡೆ ನೋಡಿ ಬಾ, ಬಾ ಎಂದು ಕೈಮಾಡುತ್ತಿದ್ದಾಳೆ. ವಾಣಿಶ್ರೀಯದೇ ದನಿ, ನಗುನಗುತ್ತ: "ನೋಡ್ರಿ, ಪಾಪ, ಮತ್ತ ಬರ್ರಿ ಅನ್ನಾಕತ್ತಾಳ!" ಕಿಟಕಿಯಲ್ಲಿ ಅವಳ ಬಳೆಗೈ ಟಾಟಾ ಮಾಡುತ್ತಿದೆ, ಜೋರಾಗಿ.

ಐಸ್‌ಕ್ರೀಮಿನವರು ಬರಲೆಂದು ಬಸ್ಸು ಆಮೇಲೂ ಅಲ್ಲೇ ನಿಂತಿತ್ತು. ವಾಣಿಶ್ರೀಗದು ಚೆನ್ನಾಗಿ ನೆನಪಿದೆ. ಕೂತಲ್ಲೇ ಒಂದು ನಿದ್ದೆ ತೆಗೆದಿದ್ದಳು.

"ಬಸ್ ಎಷ್ಟೊತ್ತು ನಿಂತಿತ್ತಲ್ರೀ," ಎಂದಳು ಗಂಡನಿಗೆ. "ಒಂದ ಕಾಫಿ ಕುಡದ ಬರಬಹುದಿತ್ತು."

ಅಮರೇಶ ಟಿ.ವಿ. ಆರಿಸಿದ. "ನಾವೇನ ಬೇಕಂತ ಮಾಡೇವೇನು? ಒಂದ ಪತ್ರ ಹಾಕಿದ್ರ ಆತು ತಗೋ. ಶಾಂಭವಿ ಅವರ ಭಾಷಾದಾಗ ಬರದ ಕೊಡತಾಳ."

"ಹಾಕೋಣು. ಯಾವ ಊರದು?"

ಅಮರೇಶ ಬಾಯಿ ತೆರೆದ. ಸೋಫಾದ ಕೈ ತಟ್ಟಿದ. "ಅದು... ಎರಡನೇದ್ದು. ಅಲ್ಲ, ಊಟ ಆದಮ್ಯಾಲಿಂದು ಅಂದ್ರ ಮೂರನೇದ್ದು. ಏನೋ ಇತ್ತಲ್ಲ ಹೆಸರು..." ಎನ್ನುತ್ತ ಎದ್ದು ಕಪಾಟಿನ ಕಾಗದ ಕೆದಕಿದ. ಪ್ರವಾಸ ಮಾಡಿಸಿದ ಕಂಪನಿಯ ಹಾಳೆಯಲ್ಲೂ 'ಸಣ್ಣ ಊರುಗಳು, ಹಳೆಯ ಚರ್ಚುಗಳು' ಎಂದಷ್ಟೇ ಇದ್ದದ್ದು. ವಾಣಿಶ್ರೀಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮುದುಕಿಯ ಹೆಸರನ್ನು ತಾನಾದರೂ ಎಲ್ಲಿ ಕೇಳಿದ್ದಳು?

ಕಪ್ಪಿನಲ್ಲಿ ಚಹಾ ಕೆನೆಗಟ್ಟಿತ್ತು. ಶಾಂಭವಿ ಅದನ್ನು ಒಂದೇ ಗುಟುಕಿಗೆ ಮುಗಿಸಿ ಎದ್ದಳು, ಬಾಗಿಲಲ್ಲಿ ಚಪ್ಪಲಿ ಮೆಟ್ಟಿದಳು, ದಿನಾ ಅನ್ನುವ ಹಾಗೆಯೇ ಅಂದಳು:

"ಬರತೇನ್ರಿ ಕಾಕೂ."

"ಹೂಂ, ಬಾರವಾ" ಎನ್ನುವುದು ವಾಣಿಶ್ರೀಯ ನಾಲಿಗೆಗೆ ರೂಢಿಯಾದ ಮಾತು. ಇವತ್ತು ಅದು ಬರಲಿಲ್ಲ. ಹೊಸ್ತಿಲ ತನಕ ಬಂದು ಹುಡುಗಿಯ ಕೈ ಹಿಡಿದುಕೊಂಡಳು.

"ಖರೇನ ಬರತೀಯೇನ?"