ಕೆಂಪಾದ ಹಳದಿ ಬಸ್ಸು

ಕೇಕು ಬೇಯಿಸಲು ಕುಕ್ಕರಿನಲ್ಲಿ ಹಾಕಿದ ಮರಳು ಕಾಯುವ ವಾಸನೆ ಬಂದರೆ ಈಗಲೂ ನನಗೆ ಸಾಂಗ್ಲಿಯ ಮನೆಯ ಒಲೆ ಮುಂದೆ ನಿಂತ ಅವ್ವ ಕಾಣುತ್ತಾಳೆ.

ನನ್ನ ಐದನೇ ಹುಟ್ಟುಹಬ್ಬಕ್ಕೆ ಹಳದಿ ಶಾಲಾ ಬಸ್ಸಿನಂಥ ಕೇಕೇ ಬೇಕೆಂದು ಹಟ ಹಿಡಿದಿದ್ದೆ. ನಮ್ಮ ಮನೆಯೊಳಗೆ ತತ್ತಿ ಬರುವಂತಿರಲಿಲ್ಲ, ಹಾಗಾಗಿ ಬೇಕರಿಯ ಮಾತೇ ಇಲ್ಲ. ಅವ್ವ ಮೈದಾ, ಹಾಲು, ಬೆಣ್ಣೆ ಕಲಸಿ, ಬಣ್ಣಕ್ಕೆಂದು ನಮ್ಮ ಅಂಗಡಿಯದೇ ಅರಿಶಿಣ ಹಾಕಿದಳು. ಚೆನ್ನಾಗಿ ಉಬ್ಬಲೆಂದು ಸೋಡಾವನ್ನೂ ಧಾರಾಳವಾಗಿ ಸುರಿದಳು. ಬೆಂದ ಮೇಲೆ ಡಬ್ಬಿ ಬೋರಲು ಹಾಕಿದರೆ ಬಿದ್ದದ್ದು ಇಟ್ಟಂಗಿಯಂಥ ಕೆಂಪು ಕೇಕು.

ನಾನು ಹೋ ಎಂದು ಅಳತೊಡಗಿದೆ.

"ಸೋಡಾ ಕೂಡಿದ್ರ ಅರಿಶಿಣಾ ಕೆಂಪ ಆಗ್ತೈತಿ. ಅರಿಶಿಣಾ ಮಾರೋ ಮನ್ಯಾಗ ಇಷ್ಟೂ ಗೊತ್ತಿಲ್ಲೇನ ಅಕ್ಕಾ?" ಎಂದಳು ಅವ್ವನ ತಂಗಿ, ನನ್ನ ಮಾವಶಿ.

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಇದು ಸಾಲಿ ಬಸ್ ಅಲ್ಲ, ಎಸ್‌ಟಿ, ಸರಕಾರಿ ಬಸ್. ಎಸ್‌ಟಿ ಕೆಂಪ ಇರಬೇಕಲ್ಲಾ?" ಎಂದವಳೇ ಬಿಸ್ಕೀಟಿನ ಗಾಲಿ ಹಚ್ಚಿದಳು, ಬೆಣ್ಣೆಯಲ್ಲಿ ಕಿಟಕಿ ಬಿಡಿಸಿದಳು, ಮುಂದೆ 'ಮಿರಜ' ಎಂದು ಬೋರ್ಡನ್ನೂ ಬರೆದಳು. ಕೈ ಒಂದು ಗಳಿಗೆಯೂ ತಡವರಿಸಲಿಲ್ಲ.

ಅಷ್ಟರಲ್ಲಿ ಓಣಿಯ ಹುಡುಗರು ಬಂದರು. ನಾನಿನ್ನೂ ಬಿಕ್ಕುತ್ತಿದ್ದೆ. ಅಜ್ಜ ಬಗ್ಗಿ ನನ್ನನ್ನೇ ಕೇಳಿದರು, "ಕಂಡಕ್ಟರ್ ಸಾಹೇಬ್ರ, ಮಿರಜಕ್ಕ ಹೋಗಬೇಕಾಗಿತ್ರಿ, ಜಾಗಾ ಐತೇನ್ರಿ?"

ನಾನು ಮೂಗು ಒರೆಸಿಕೊಂಡು, ಎಸ್‌ಟಿ ಕಂಡಕ್ಟರರ ಗತ್ತಿನಲ್ಲೇ ಕೂಗಿದೆ: "ಚಲಾ, ಪುಢೇ ಸರಕಾ! ಮುಂದ ಸರೀರಿ!"

ಹುಡುಗರೆಲ್ಲ ನಗುತ್ತ ಅಜ್ಜನ ಹಿಂದೆ ಸಾಲು ಹಚ್ಚಿದರು. ಬೆಳಗಿನಿಂದ ನಿಂತೇ ಇದ್ದ ಅವ್ವ, ಆಗ ಗೋಡೆಗೆ ಬೆನ್ನು ಹಚ್ಚಿ ಕುಂತಳು.