ಬೀಗವಿಲ್ಲದ ಕ್ಯಾನ್

"ಶೀನಪ್ಪಣ್ಣನ ಮನೆ ಕೊನೆಗೆ ಇಟ್ಟುಕೊಳ್ಳುವ ಸಾರ್," ಎಂದು ಉನೈಸ್ ದಾರಿಯಲ್ಲಿ ಮತ್ತೆ ಮತ್ತೆ ಹೇಳಿದ್ದ. ಅದಕ್ಕೇ ನಿತ್ಯಾನಂದ ಜೀಪನ್ನು ಮೊದಲು ಅಲ್ಲಿಗೇ ತಿರುಗಿಸಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಉನೈಸ್ ಹೆಗಲು ಮುಟ್ಟಿಕೊಳ್ಳುವುದೊಂದೇ ಬಾಕಿ.

ಮುಂಡಾಜೆಯಲ್ಲಿ ಒಬ್ಬಳು ಕೆಲಸದವಳ ಕೈ ಸುಟ್ಟುಹೋಗಿತ್ತು. ರಬ್ಬರ್ ಹಾಲನ್ನು ಹೆಪ್ಪುಗಟ್ಟಿಸಲು ಹಾಕುವ ಫಾರ್ಮಿಕ್ ಆಸಿಡ್‌ಗೆ ಯಾರೋ ಅದಕ್ಕಿಂತ ಅಗ್ಗದ, ಅದಕ್ಕಿಂತ ಹೆಚ್ಚು ಉರಿಯುವ ಇನ್ನೊಂದನ್ನು ಬೆರೆಸಿದ್ದರು. ಬೆಳೆಗಾರರ ಸಂಘ ಎಚ್ಚೆತ್ತಿತು. ಮನೆಮನೆಗೆ ಹೋಗಿ ಪ್ರತಿ ಕ್ಯಾನಿನ ಸಾಂದ್ರತೆ ಅಳೆಯಬೇಕು. ಹೆಚ್ಚಾದರೆ ಕಲಬೆರಕೆ, ಕಡಿಮೆಯಾದರೆ ನೀರು. ಆ ಕೆಲಸ ಸಂಘದ ನೌಕರ ನಿತ್ಯಾನಂದನ ಪಾಲಿಗೆ ಬಂತು.

ಕೊಕ್ಕಡದ ಸುತ್ತ ಆಸಿಡ್ ಕೊಡುವವನು ವೇಣೂರಿನ ಉನೈಸ್. ಒಂದು ಕ್ಯಾನ್ ತಪ್ಪಿದರೂ ಅವನ ಏಜೆನ್ಸಿ ರದ್ದು ಎಂದು ಸಂಘ ಮೊದಲೇ ಹೇಳಿತ್ತು. ಅಪ್ಪ ಮೊಯಿದಿನಬ್ಬ ಕಟ್ಟಿದ ಅಂಗಡಿ ಅದು. ಮನೆಯ ಒಲೆ ಉರಿಯುವುದೂ ತಂಗಿ ಆಫ್ರಾ ಕಾಲೇಜಿಗೆ ಹೋಗುವುದೂ ಅದರಿಂದಲೇ.

ಅಂಗಳದಲ್ಲೇ ನಿತ್ಯಾನಂದನಿಗೆ ಒಂದು ವಿಚಿತ್ರ ಕಂಡಿತು. ಬಾವಿಗೆ ಕಬ್ಬಿಣದ ಜಾಲರಿ, ಜಾಲರಿಗೆ ದಪ್ಪ ಬೀಗ. ರಬ್ಬರ್ ಶೆಡ್ಡಿನ ಬಾಗಿಲು ಮಾತ್ರ ಹಾರು ಹೊಡೆದಿತ್ತು. ಬೀಗದೊಳಗೆ ಇರಬೇಕಾದ ಆಸಿಡ್ ಕ್ಯಾನ್ ಹೊಸಿಲ ಪಕ್ಕದಲ್ಲೇ ಕೂತಿತ್ತು.

"ಬಾವಿಗೆ ಯಾಕಮ್ಮ ಬೀಗ?"

"ಬೆಕ್ಕು ಬೀಳ್ತದೆ," ಎಂದಳು ಮನೆಯೊಡತಿ ಪೂವಮ್ಮ. ಬೆಕ್ಕಿಗೆ ಜಾಲರಿ ಸಾಲದೇ? ನಿತ್ಯಾನಂದ ಕೇಳುವ ಮೊದಲೇ ಅವಳು ಬೆಲ್ಲ ನೀರು ತರಲು ಒಳಗೆ ಹೋದಳು.

ಜಗಲಿಯಲ್ಲಿ ಅವಳ ಗಂಡ ಶೀನಪ್ಪ ಗಂಜಿ ಊಟಕ್ಕೆ ಕೂತಿದ್ದ. ತಲೆಯ ಮೇಲೆ ಮಗ ಭವಿತನ ಫೋಟೋ, ಅದಕ್ಕೆ ಹಾರ. ಚಾರ್ಮಾಡಿ ರಸ್ತೆಯ ಆ ಅಪಘಾತ ಊರಿಗೆಲ್ಲ ಗೊತ್ತು. ಬೈಕ್ ಓಡಿಸುತ್ತಿದ್ದವನು ಶೀನಪ್ಪ, ಹಿಂದೆ ಕೂತಿದ್ದವನು ಮಗ. ಇಂಥ ಮನೆಗೂ ಮೋಸ ಮಾಡಿದ್ದರೆ ಉನೈಸನನ್ನು ಸುಮ್ಮನೆ ಬಿಡುವುದಿಲ್ಲ ಎಂದು ನಿತ್ಯಾನಂದ ಹಲ್ಲು ಕಚ್ಚಿದ.

ಉನೈಸ್ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಪೆಟ್ಟಿಗೆ ತರಲು ಜೀಪಿನತ್ತ ಹೋಗಿದ್ದ. ನಿತ್ಯಾನಂದ ಕೈಗವಸು ಹಾಕಿ ಕ್ಯಾನಿನ ಮುಚ್ಚಳ ತೆರೆದ. ಘಾಟು ಮೂಗಿಗೆ ಹೊಡೆಯಿತು. ಒಳಗಿದ್ದದ್ದು ತಿಳಿಯಾಗಿತ್ತು. ಆಸಿಡ್ಡೂ ಹಾಗೆಯೇ ಇರುತ್ತದೆ.

"ಅಳೆಯುವುದೆಂತಕ್ಕೆ?" ಎಂದ ಶೀನಪ್ಪ ಕೂತಲ್ಲಿಂದಲೇ. "ಅದರಲ್ಲಿ ಆಸಿಡ್ ಇಲ್ಲ. ಬರೀ ನೀರು."

"ನಿಮಗೆ ಹೇಗೆ ಗೊತ್ತು ಶೀನಪ್ಪಣ್ಣ?"

"ಗೊತ್ತು." ಶೀನಪ್ಪ ಉಪ್ಪಿನಕಾಯಿ ನೆಕ್ಕಿಕೊಂಡ.

ಮೋಸ ಹೋದವನಿಗೆ ಗೊತ್ತಾಗದೆ ಇರುತ್ತದೆಯೇ? ನಿತ್ಯಾನಂದನಿಗೆ ಸಾಕ್ಷಿ ಸಿಕ್ಕಿತು. ಪೆಟ್ಟಿಗೆ ಬಂತು. ಗಾಜಿನ ಜಾಡಿಗೆ ದ್ರವ ಸುರಿದು ಹೈಡ್ರೋಮೀಟರ್ ಇಳಿಬಿಟ್ಟ. ಒಳ್ಳೆಯ ಆಸಿಡ್‌ನಲ್ಲಿ ಆ ನಳಿಗೆ ತಲೆಯೆತ್ತಿ ತೇಲಬೇಕು. ಇಲ್ಲಿ ಅದು ನೀರಿನ ಗೆರೆಯವರೆಗೂ ಮುಳುಗಿತು.

"ಇದೇನು ಉನೈಸ್?"

ಉನೈಸ್ ಜಗಲಿಯತ್ತ ಒಮ್ಮೆ ನೋಡಿದ. "ನಾನೇ ನೀರು ಹಾಕಿದ್ದು ಸಾರ್," ಎಂದ ತಗ್ಗಿದ ದನಿಯಲ್ಲಿ. "ಏಜೆನ್ಸಿ ಹೋದರೆ ಹೋಗಲಿ. ಇಲ್ಲಿ ಮಾತು ಬೇಡ, ನಡೆಯಿರಿ."

ಇಷ್ಟು ಸುಲಭವಾಗಿ ಒಪ್ಪಿಕೊಳ್ಳುವ ಕಳ್ಳನನ್ನು ನಿತ್ಯಾನಂದ ನೋಡಿರಲಿಲ್ಲ. ಅವನ ಕಣ್ಣು ಶೆಡ್ಡಿನೊಳಗೆ ಹೋಯಿತು. ತಂತಿಯ ಮೇಲೆ ರಬ್ಬರ್ ಶೀಟುಗಳು ಸಾಲಾಗಿ ತೂಗುತ್ತಿದ್ದವು. ಜೇನಿನ ಬಣ್ಣ, ಒಂದು ಗುಳ್ಳೆಯಿಲ್ಲ, ಮೊದಲ ದರ್ಜೆಯ ಮಾಲು. ನೀರು ಹಾಕಿದರೆ ಹಾಲು ಹೀಗೆ ಹೆಪ್ಪುಗಟ್ಟುವುದುಂಟೇ? ಹಾಗಾದರೆ ನಿಜವಾದ ಆಸಿಡ್ ಬೇರೆಲ್ಲೋ ಇದೆ. ಬೆಲ್ಲ ನೀರು ಹಿಡಿದು ಬಂದ ಪೂವಮ್ಮ ಜಾಡಿಯನ್ನು ನೋಡಿದಳು, ಉನೈಸನನ್ನು ನೋಡಿದಳು. ಇಬ್ಬರೂ ಸೇರಿ ಆ ಪಾಪದ ಗಂಡಸಿನ ಕಣ್ಣಿಗೆ ಮಣ್ಣೆರಚುತ್ತಿದ್ದಾರೆ. ನಿತ್ಯಾನಂದನಿಗೆ ಅಸಹ್ಯವಾಯಿತು. ಬೆಲ್ಲ ನೀರು ಮುಟ್ಟದೆ ಹೊರಟ.

ಗೇಟಿನ ಹತ್ತಿರ ಪೂವಮ್ಮ ಓಡಿ ಬಂದು ದಾರಿಗೆ ಅಡ್ಡ ನಿಂತಳು.

"ಅವನ ಮೇಲೆ ಬರೆಯಬೇಡಿ ಅಣ್ಣ. ನೀರು ತುಂಬಿಸಿ ಕೊಡು ಅಂತ ಕೈಮುಗಿದದ್ದು ನಾನು."

"ಯಾಕೆ?"

"ಭವಿತ್ ಹೋದ ಮೇಲೆ ಇವರಿಗೆ ನಿದ್ದೆ ಇಲ್ಲ. ಎದ್ದು ಹೋಗಿ ಆ ಕ್ಯಾನಿನ ಎದುರು ಕೂತುಕೊಳ್ತಿದ್ದರು. ಅದನ್ನು ತೆಗೆದಿಟ್ಟರೆ ಬೇರೆ ದಾರಿ ಹುಡುಕ್ತಾರೆ ಅಂತ ನನಗೆ ಹೆದರಿಕೆ. ಕ್ಯಾನ್ ಅಲ್ಲೇ ಇರಲಿ, ಒಳಗಿನದ್ದು ಇರುವುದು ಬೇಡ ಅಂತ ಮಾಡಿದೆ. ವಾಸನೆಗೆ ನಾಲ್ಕು ಹನಿ ಉಂಟು, ಅಷ್ಟೆ. ಬಾವಿಗೆ ಬೀಗ ಹಾಕಿದ್ದೂ ಅದಕ್ಕೇ."

"ಮತ್ತೆ ಶೀಟು?"

"ಉನೈಸ್ ಬೆಳಿಗ್ಗೆ ಇವರ ಕಣ್ಣಿಗೆ ಬೀಳದ ಹಾಗೆ ಬೇಕಾದಷ್ಟೇ ಬಾಟಲಿಯಲ್ಲಿ ತರ್ತಾನೆ. ಹಾಲಿಗೆ ಹಾಕಿ ಮುಗಿಯುವವರೆಗೆ ನಿಂತು, ಬಾಟಲಿ ತಿರುಗಿ ಕೊಂಡು ಹೋಗ್ತಾನೆ."

ಉನೈಸ್ ರಸ್ತೆಯ ಕಡೆಗೆ ಮುಖ ಮಾಡಿ ನಿಂತಿದ್ದ. ನಿತ್ಯಾನಂದನಿಗೆ ಅವನ ಮುಖ ನೋಡಲು ನಾಚಿಕೆಯಾಯಿತು.

"ಬರೆಯುವುದಿಲ್ಲ," ಎಂದ. "ಸಂಘಕ್ಕೆ ನಾನೇ ಹೇಳ್ತೇನೆ. ಆದರೆ ಅಕ್ಕ, ಅವರನ್ನು ಡಾಕ್ಟರಿಗೆ ತೋರಿಸುವ."

"ಮೊದಲೆಲ್ಲ ಕರೆದರೆ ಬರ್ತಿರಲಿಲ್ಲ. ಈಗ ತಾವೇ ಹೋಗುವ ಅಂತಾರೆ. ಹೋದ ವಾರ ಒಂದು ಬೆಳಿಗ್ಗೆ ನನ್ನ ಕೈ ಹಿಡಿದು ತುಂಬಾ ಅತ್ತರು, ಆಮೇಲೆ ಗಂಜಿ ಕೇಳಿದರು. ಏನಾಯಿತೋ ದೇವರಿಗೇ ಗೊತ್ತು." ಪೂವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕ್ಯಾನಿನ ವಿಷಯ ಮಾತ್ರ ಅವರಿಗೆ ಗೊತ್ತಾಗಬಾರದು. ಅವರಿಗೆ ಗೊತ್ತಿಲ್ಲ ಅಂತಲೇ ನನಗೆ ನಿದ್ದೆ ಬರುವುದು."

ಜಗಲಿಯಿಂದ ಶೀನಪ್ಪ ಇನ್ನೊಂದು ಸೌಟು ಗಂಜಿ ಬೇಕೆಂದು ಕೂಗಿದ. ಪೂವಮ್ಮ ಓಡಿದಳು. ನಿತ್ಯಾನಂದ ಗೇಟು ಹಾಕಿ, ಜಗಲಿಯತ್ತ ತಿರುಗಿ ನೋಡಿದ.

ಕಣ್ಣಿಗಾಗಲಿ ಮೂಗಿಗಾಗಲಿ ತಿಳಿಯದ ಆ ನೀರನ್ನು, ಹೈಡ್ರೋಮೀಟರ್ ಪೆಟ್ಟಿಗೆಯಿಂದ ಹೊರಬರುವ ಮೊದಲೇ ಶೀನಪ್ಪ ನೀರು ಎಂದಿದ್ದ. ಹಾಗೆ ಹೇಳಬೇಕಾದರೆ ಅದನ್ನು ಕುಡಿದಿರಬೇಕು.